ಸ್ವಪ್ನಾಲಿಯ ಮೂಕ ಡಬ್ಬಿ

ಬೆಳಕು ಹರಿಯುವ ಮೊದಲು ಕಸ್ತೂರಬಾಯಿ ಅಂಗಳ ಗುಡಿಸಿ, ಸೆಗಣಿ ಬಾಚಿ, ಆಕಳ ಹಾಲು ಕರೆಯುತ್ತಾಳೆ. ನಳ ಬರುವ ದಿನವಾದರೆ ಕೊಡಗಳನ್ನೆಲ್ಲ ತುಂಬಿಡುತ್ತಾಳೆ. ಗಂಡ ವೈಜನಾಥನ ಸ್ನಾನಕ್ಕೆಂದು ಹಿತ್ತಲ ಒಲೆಗೆ ತೊಗರಿ ಕಟ್ಟಿಗೆ ಇಟ್ಟು ಹಂಡೆಯ ನೀರು ಕಾಯಿಸುತ್ತಾಳೆ. ತಾನು ತಣ್ಣೀರಲ್ಲೇ ಮಿಂದು, ಮಾವ ಕಲ್ಯಾಣಪ್ಪನ ಲಿಂಗಪೂಜೆಗೆ ಮಣೆ ಹಾಕಿ, ವಿಭೂತಿ, ಪತ್ರಿ, ಹೂವು ಜೋಡಿಸುತ್ತಾಳೆ. ಆಮೇಲೆ ರೊಟ್ಟಿ.

ಕೊರಳಲ್ಲಿ ಅವಳಿಗೂ ಲಿಂಗವಿದೆ. ಮಾವ ಪೂಜೆಗೆ ಕೂತರೆ ಬಿಸಿಲು ಹೊಸ್ತಿಲು ದಾಟುವವರೆಗೆ ಏಳುವುದಿಲ್ಲ. ಅಲ್ಲಿಯವರೆಗೆ ಅಡುಗೆಮನೆಯಲ್ಲಿ ಭಾಂಡೆ ಸಪ್ಪಳವಾಗಬಾರದು. ಅವಳ ಪೂಜೆ ಮಾತ್ರ ಒಂದು ರೊಟ್ಟಿ ಬೇಯುವಷ್ಟು ಹೊತ್ತು. ಹಂಚಿನ ಮೇಲೆ ರೊಟ್ಟಿ ಹಾಕಿ, ಹಿಟ್ಟಿನ ಕೈ ತೊಳೆದು, ಎಡ ಅಂಗೈಯಲ್ಲಿ ಲಿಂಗವಿಟ್ಟು ಕಣ್ಣು ಮುಚ್ಚಿದರೆ, ಮನಸ್ಸು ನಿಲ್ಲುವ ಮೊದಲೇ ಸೀದ ವಾಸನೆ ಬರುತ್ತದೆ.

ಈ ಶ್ರಾವಣದಲ್ಲಿ ಒಂದು ಸೋಮವಾರವಾದರೂ ನೆಟ್ಟಗೆ ಕೂತು ಪೂಜೆ ಮಾಡಬೇಕು ಎಂದು ಗಂಡನ ಮುಂದೆ ಹೇಳಿದ್ದಳು.

“ಯಾರ್ ಬ್ಯಾಡ ಅಂದಾರ? ಮಾಡು,” ಎಂದಿದ್ದ ವೈಜನಾಥ. ಅದೇ ಉಸಿರಿನಲ್ಲಿ, “ಚಹಾ ಆಗ್ಯಾದೇನು?” ಎಂದಿದ್ದ.

ಅವನು ಕೆಟ್ಟವನಲ್ಲ. ಬೇಡ ಎಂದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಕೆಲಸಗಳು ಮಾತ್ರ ಇದ್ದಲ್ಲೇ ಇದ್ದವು. ಹಾಗೆಯೇ ಮೂರು ಸೋಮವಾರ ಹೋದವು. ಉಳಿದದ್ದು ಒಂದು, ನಾಳೆಯದು.

ಇಂದು ಭಾನುವಾರ. ಮಹಾರಾಷ್ಟ್ರದ ಗಡಿಯ ಯೆಣೆಗೂರಿನ ಹೆಂಗಸರೆಲ್ಲ ಸೋಯಾಬೀನಿನಲ್ಲಿ ಕಳೆ ತೆಗೆಯಲು ಹೊರಟಿದ್ದರು. ಪಕ್ಕದ ಮನೆಯ ಮಂಗಲಾ ಹೆಗಲ ಮೇಲೆ ಬುತ್ತಿ, ಕೈಯಲ್ಲಿ ಕುರುಪಿ ಹಿಡಿದು, ತನ್ನ ಇಬ್ಬರು ಹುಡುಗಿಯರ ಜೊತೆ ಓಣಿಯ ಇನ್ನೂ ನಾಲ್ವರು ಮಕ್ಕಳನ್ನು ಬಾಗಿಲಲ್ಲಿ ಬಿಟ್ಟಳು.

“ಕಾಕು, ನೀವ್ ಮನ್ಯಾಗೇ ಖಾಲಿ ಇರ್ತೀರಲ್ರೀ, ಇವ್ರಿಗ್ ಜರಾ ನೋಡ್ಕೋರಿ.”

ಖಾಲಿ ಇದ್ದ ಕಸ್ತೂರಬಾಯಿ ಆಗ ತೊಗರಿ ಹಸನು ಮಾಡುತ್ತಿದ್ದಳು. ಮಕ್ಕಳು ಬಂದವರೇ ತಾಟು ಬಡಿಯತೊಡಗಿದರು. ಒಳಗೆ ಮಾವ ಮಲಗಿದ್ದ. ಅವಳು ಗೋಡೆಯ ಗೂಡಿನಿಂದ ಖಾಲಿ ಡಬ್ಬಿಗಳನ್ನೆಲ್ಲ ಇಳಿಸಿದಳು: ಪೌಡರಿನವು, ಔಷಧದ ಬಾಟಲಿ, ಹಳೆಯ ವಿಭೂತಿ ಡಬ್ಬಿ. ಮೊರದಲ್ಲಿ ಹುಣಸೆ ಬೀಜ, ತೊಗರಿ, ಜೋಳ ಇಟ್ಟಳು.

“ತಾಟ್ ಇಡ್ರಿ ಕೆಳಗ. ಇದ್ರಾಗ ಕಾಳ್ ಹಾಕಿ ಬಾಯಿ ಕಟ್ರಿ, ಗಿಲಕಿ ಆಗ್ತದ.”

ಹರಿದ ಸೀರೆಯಿಂದ ಚೂರು ಸೀಳಿ, ಹಿಟ್ಟಿನ ಅಂಟು ಹಚ್ಚಿ ಒಂದೊಂದೇ ಬಾಯಿ ಕಟ್ಟಿಕೊಟ್ಟಳು. ಹುಣಸೆ ಬೀಜದ್ದು ಕಟಕಟ ಎಂದಿತು. ತೊಗರಿಯದು ಗಲಗಲ. ಜೋಳದ್ದು ತಗಡಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ತಾಟಿನ ಸದ್ದಿಗಿಂತ ಇದೇನೂ ಕಡಿಮೆಯಿರಲಿಲ್ಲ.

“ಏನ್ ಗದ್ದಲ ಹಚ್ಚೀರೋ?” ಒಳಗಿಂದ ಕಲ್ಯಾಣಪ್ಪ ಕೂಗಿದ.

“ಭಜನಿ ನಡದಾದ ಅಜ್ಜಾ! ನೀ ಬರಬ್ಯಾಡ, ನಿನಗ ತಾಳ ಬರಂಗಿಲ್ಲ,” ಎಂದಳು ಮಂಗಲಾಳ ದೊಡ್ಡ ಮಗಳು ಮೀನಲ. ಒಳಗೆ ಮುದುಕ ನಕ್ಕಿದ್ದು ಕೇಳಿಸಿತು.

ಎಲ್ಲರೂ ಕುಣಿಯುತ್ತಿದ್ದಾಗ ಮೀನಲಳ ತಂಗಿ ಸ್ವಪ್ನಾಲಿ ಡಬ್ಬಿಯನ್ನು ಕಿವಿಗೆ ಒತ್ತಿ ನಿಂತಿದ್ದಳು. ಆರು ವರ್ಷದ ಹುಡುಗಿ, ಕಣ್ಣಲ್ಲಿ ನೀರು.

“ಕಾಕು, ಮಾಝಾ ವಾಜತ ನಾಹೀ. ಎಲ್ಲಾರ್ದೂ ಬಾರಸ್ಲತ್ತದ, ನಂದಷ್ಟೇ ಮೂಕ ಆಗ್ಯಾದ.”

ಕಸ್ತೂರಬಾಯಿ ಬಟ್ಟೆ ಬಿಚ್ಚಿ ನೋಡಿದಳು. ಡಬ್ಬಿಯಲ್ಲಿ ಜೋಳ ಬಾಯಿತನಕ, ಅದರ ಮೇಲೂ ಒಂದು ಗೋಪುರ. ರಾಶಿಯ ದಿನ ಅಜ್ಜಿ ಅನುಸೂಯಾಬಾಯಿ ಒಂದು ಎನ್ನುವ ಬದಲು ‘ಲಾಭ’ ಎಂದು ಮೊದಲ ಸೇರು ತುಂಬಿ ತುಳುಕುವಂತೆ ಅಳೆಯುವುದನ್ನು ಹುಡುಗಿ ನೋಡಿದ್ದಳು. ಹಾಗೆಯೇ ತುಂಬಿ, ಒತ್ತಿ, ಗದ್ದಲದಲ್ಲಿ ಕಸ್ತೂರಬಾಯಿ ಗಮನಿಸದಂತೆಯೇ ಕಟ್ಟಿಸಿಕೊಂಡಿದ್ದಳು.

“ಅರ್ಧಾ ತೆಗಿ ಬೇಟಾ.”

“ಕಮ್ಮಿ ಅಳದ್ರ ಲಕ್ಷ್ಮಿ ಸಿಟ್ಟಾಗ್ತಾಳಂತ. ನಮ್ ಅಜ್ಜಿ ಹೇಳ್ಯಾಳ.”

“ಇದು ಯಾರಿಗೂ ಅಳದ್ ಕೊಡೋದಲ್ಲ. ನಿಂದು. ಕಾಳು ಅತ್ಲಾಗ್ ಇತ್ಲಾಗ್ ಓಡ್ಯಾಡಾಕ ಜಾಗಾ ಬೇಕಲ್ಲ?”

ಸ್ವಪ್ನಾಲಿ ಅನುಮಾನದಿಂದಲೇ ಒಂದು ಮುಷ್ಟಿ ತೆಗೆದಳು. ಅಲ್ಲಾಡಿಸಿದಳು. ಇಲ್ಲ. ಇನ್ನೊಂದು. ಮೂರನೆಯ ಮುಷ್ಟಿಗೆ ಒಳಗೆ ಏನೋ ಜಾರಿತು. ನಾಲ್ಕನೆಯದಕ್ಕೆ ಮಳೆ ಬಂತು. ಹುಡುಗಿ ಬಾಯಿ ತೆರೆದು ನಿಂತುಬಿಟ್ಟಳು. ಆಮೇಲೆ ಡಬ್ಬಿಯನ್ನು ಕಸ್ತೂರಬಾಯಿಯ ಕಿವಿಗೆ ಹಿಡಿದು, “ಕೇಳು, ಕೇಳು,” ಎಂದಳು. ಕಸ್ತೂರಬಾಯಿ ಕೇಳಿದಳು. ಮಗು ಕೈ ಸೋತು ನಿಲ್ಲಿಸುವವರೆಗೆ, ತೊಗರಿಯ ಮೊರ ಮುಟ್ಟದೆ ಕೇಳಿದಳು.

ಸಂಜೆ ಮಕ್ಕಳು ಹೋದ ಮೇಲೆ ಅಂಗಳದಲ್ಲಿ ಚೆಲ್ಲಿದ ಕಾಳು ಆರಿಸಿದವಳೂ ಅವಳೇ.

ಸೋಮವಾರ ಕತ್ತಲಲ್ಲೇ ಎದ್ದಳು. ಅಂಗಳ ಗುಡಿಸಿದಳು. ಆಕಳ ಕೆಚ್ಚಲು ಬಿಗಿದಿತ್ತು, ಅದನ್ನು ಬಿಡುವಂತಿರಲಿಲ್ಲ. ನಳ ಬಂದಿತ್ತು, ಅದೂ ಕಾಯುವುದಿಲ್ಲ. ತಣ್ಣೀರಲ್ಲಿ ಮಿಂದು ಹಿತ್ತಲ ಒಲೆಯ ಮುಂದೆ ಕೂತು, ಕಟ್ಟಿಗೆ ಒಳಗೆ ತಳ್ಳಿ, ಕಡ್ಡಿ ಗೀರಲು ಹೋದಳು.

ಗೀರಲಿಲ್ಲ. ಸ್ವಪ್ನಾಲಿಯ ಡಬ್ಬಿ ನೆನಪಾಯಿತು.

ವೈಜನಾಥ ಇನ್ನೂ ಎದ್ದಿರಲಿಲ್ಲ. ಏಳುತ್ತಾನೆ, ಟವೆಲ್ ಹೆಗಲಿಗೆ ಹಾಕಿಕೊಂಡು ಬಂದು ಹಂಡೆಯೊಳಗೆ ಕೈ ಅದ್ದುತ್ತಾನೆ, ಅವಳ ಹೆಸರು ಹಿಡಿದು ಕೂಗುತ್ತಾನೆ. ಮಾವನ ಪೂಜೆಯೂ ಆ ಹೊತ್ತಿಗೆ ನಡೆಯುತ್ತಿರುತ್ತದೆ.

ಕಡ್ಡಿಪೆಟ್ಟಿಗೆಯನ್ನು ಹಂಡೆಯ ಮುಚ್ಚಳದ ಮೇಲೆ, ಅವನ ಕಣ್ಣಿಗೆ ಬೀಳುವ ಹಾಗೆ ಇಟ್ಟಳು. ಒಳಗೆ ಹೋಗಿ ಮಾವನ ಮಣೆ ಹಾಕಿದಳು. ಅದರ ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿ, ಅಡುಗೆಮನೆಗೆ ಬೆನ್ನು ಮಾಡಿ ಕೂತು, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡಳು.