ಬಾಣಂತಿ ಇಲ್ಲದ ಬಾಣಂತನ

ಕವಲೇದುರ್ಗದ ಕೆಳಗಿನ ಊರುಗಳಲ್ಲಿ ಮಗು ಹುಟ್ಟಿದರೆ ಹೂವಮ್ಮನಿಗೆ ಹೇಳಿಕಳಿಸುತ್ತಾರೆ. ಹೆರಿಗೆ ಈಗ ಆಸ್ಪತ್ರೆಯಲ್ಲೇ ಆಗುತ್ತದೆ. ಆದರೆ ಮನೆಗೆ ಬಂದ ಮೇಲೆ ಬಾಣಂತಿಗೆ ಎಣ್ಣೆ ತಿಕ್ಕುವುದು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಮೀಯಿಸುವುದು, ಮಂಚದ ಕೆಳಗೆ ಕೆಂಡ ಇಟ್ಟು ತಾಯಿ ಮಗುವನ್ನು ಬೆಚ್ಚಗಿಡುವುದು ಅವಳದೇ ಕೆಲಸ. ಹೀಗೆ ಗಿಡ್ಡ ಮಣೆಯ ಮೇಲೆ ಕೂತು ಕೂತು ಅವಳ ಸೊಂಟ ಹೋಯಿತು. ತೀರ್ಥಹಳ್ಳಿಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಧನ್ಯಶ್ರೀ ದೀಪಾವಳಿಗೆ ಬಂದಾಗ ಕರೆಂಟಿನ ಹೀಟಿಂಗ್ ಪ್ಯಾಡ್ ತಂದುಕೊಟ್ಟಳು. ಅದು ಸ್ವಲ್ಪ ಹೊತ್ತು ಕಾದು ತಾನಾಗೇ ಆರುತ್ತದೆ, ಮತ್ತೆ ಬೇಕೆಂದರೆ ಗುಂಡಿ ಒತ್ತಬೇಕು.

ಆ ಪ್ಯಾಡ್ ಸೊಂಟ ಬಿಟ್ಟು ಕೋಳಿಬುಟ್ಟಿಗೆ ಹೋದದ್ದು ಪುಷ್ಯದ ಚಳಿಯಲ್ಲಿ.

ಹೂವಮ್ಮನ ಬಳಿ ಬೋಳುಕುತ್ತಿಗೆಯ ಒಂದು ಹ್ಯಾಟೆ, ಹೆಣ್ಣುಕೋಳಿ, ಇತ್ತು. ಮದುವೆಯಾಗಿ ಹುಲಿಕಲ್‌ನಿಂದ ಬರುವಾಗ ತಾಯಿ ಬುಟ್ಟಿಯಲ್ಲಿಟ್ಟು ಕೊಟ್ಟ ಕೋಳಿಯ ಸಂತಾನ ಅದು. ಹೋದ ಬೇಸಿಗೆಯ ರೋಗಕ್ಕೆ ಅವಳ ಒಡ್ಡಿಯ ಕೋಳಿಗಳೆಲ್ಲ ಸತ್ತು ಅದೊಂದೇ ಉಳಿದಿತ್ತು. ಅದು ಮರಿ ಇಳಿಸಿದ ಮರುದಿನವೇ, ಮಟಮಟ ಮಧ್ಯಾಹ್ನ, ಕೊಟ್ಟಿಗೆಯ ಹಿಂದೆ ಮುಂಗುಸಿ ಅದರ ಕುತ್ತಿಗೆ ಹಿಡಿಯಿತು. ಹೂವಮ್ಮ ಸೌದೆ ಎಸೆದು ಓಡಿಸುವಷ್ಟರಲ್ಲಿ ಹ್ಯಾಟೆ ಮುಗಿದುಹೋಗಿತ್ತು. ಮರಿಗಳು ಬಾಳೆಬುಡದಲ್ಲಿ ಅವಿತು ಕೂಗುತ್ತಿದ್ದವು.

ಪಕ್ಕದ ಮನೆಯ ಕನ್ನಮ್ಮನ ಕೋಳಿ ಕಾವಿಗೆ ಕೂತಿತ್ತು. ಹೂವಮ್ಮ ಮರಿಗಳನ್ನು ಒಯ್ದು ಅದರ ಕೆಳಗೆ ಬಿಟ್ಟರೆ ಅದು ಎದ್ದು ಕುಕ್ಕಿ ಒಂದು ಮರಿಯ ನೆತ್ತಿ ಹರಿಯಿತು.

"ಬೇಡ ಹೂವಕ್ಕ, ತಕ್ಕೊಂಡ್ ಹೋಗು. ಕೊಂದೇ ಹಾಕ್ತದೆ ಇದು," ಎಂದಳು ಕನ್ನಮ್ಮ.

ಹೂವಮ್ಮ ಮನೆಗೆ ಬಂದು ಬುಟ್ಟಿಯ ತಳಕ್ಕೆ ಪ್ಯಾಡ್ ಹಾಸಿ, ಮೇಲೆ ಹಳೇ ಪಂಚೆ ಮಡಿಸಿ, ಮರಿಗಳನ್ನು ಕೂರಿಸಿದಳು. ಬಾಣಂತಿಗೆ ಮಾಡಿದ ಹಾಗೇ, ಶಾಖ ಕೆಳಗಿನಿಂದ. ಬೇರೆ ಥರ ಇರಬಹುದೆಂದು ಅವಳಿಗೆ ಅನಿಸಲೇ ಇಲ್ಲ.

ಗಂಡ ಪುಟ್ಟಪ್ಪ ಬಾಗಿಲಲ್ಲಿ ಹಗ್ಗ ಹೊಸೆಯುತ್ತ ನೋಡಿದ. "ಶುರುವಾಯ್ತಲ್ಲ, ಬಾಣಂತಿ ಇಲ್ದಿರೋ ಬಾಣಂತನ! ಎಣ್ಣೆ ತಿಕ್ಕೋದೊಂದು ಬಾಕಿ."

"ನೀವೊಂದು ಸುಮ್ನಿರಿ. ಇವು ಹೋದ್ರೆ ನಮ್ಮವ್ವನ ಕೋಳಿ ಸಂತಾನವೇ ಮುಗೀತು."

"ಪ್ಯಾಟೇಲಿ ಫಾರಂ ಮರಿ ಸಿಗ್ತಾವಲ್ಲೆ ಮಾರಾಯ್ತಿ, ಬೇಕಾದಷ್ಟು."

"ಗಂಡಂದಿರೂ ಸಿಗ್ತಾರೆ ಬೇಕಾದಷ್ಟು. ಬದಲಾಯಿಸ್ಲಾ?"

ಪುಟ್ಟಪ್ಪ ನಕ್ಕು ಹಗ್ಗದ ಕಡೆ ತಿರುಗಿದ.

ಬಿಸಿಲು ಗುಡ್ಡದ ಹಿಂದೆ ಸರಿಯುತ್ತಿದ್ದಂತೆ ಚಳಿ ಇಳಿಯಿತು. ಮರಿಗಳು ಪ್ಯಾಡಿನ ಮೇಲೆ ಕೂರಲೇ ಒಲ್ಲವು. ಕೊಕ್ಕು ತೆರೆದು ಏದುಸಿರು ಬಿಡುತ್ತ ಬುಟ್ಟಿಯ ಅಂಚಿಗೆ ಓಡಿದವು. ಅಂಚಿನಲ್ಲಿ ಥಂಡಿ. ಅಲ್ಲಿ ಒಂದರ ಮೇಲೊಂದು ಹತ್ತಿ, ಅಡಿಯದು ಜಜ್ಜಿಹೋಗುವಂತಾಯಿತು. ಹೂವಮ್ಮ ಬಿಡಿಸಿ ನಡುವೆ ಕೂರಿಸಿದಳು, ಮತ್ತೆ ಓಡಿದವು. ಬಿಸಿ ಕಡಿಮೆ ಮಾಡಿದರೆ ನಡುಗಿದವು. ಕೂಗು ಬರಬರುತ್ತ ಸಣ್ಣದಾಯಿತು. ನೆತ್ತಿ ಹರಿದ ಮರಿ ಕುತ್ತಿಗೆ ಚೆಲ್ಲಿ ಮಲಗಿಬಿಟ್ಟಿತು.

ಅವಳು ಅದನ್ನು ಅಂಗೈಗೆ ತೆಗೆದುಕೊಂಡು ಇನ್ನೊಂದು ಕೈ ಮುಚ್ಚಿದಳು. ಮರಿ ಮಿಸುಕಿತು. ಮೆಲ್ಲಗೆ ಬೆನ್ನು ಎತ್ತಿ ಮೇಲಿನ ಕೈಗೆ ಒತ್ತಿಕೊಂಡಿತು. ಕೈ ತುಸು ಎತ್ತಿದಳು, ಅದೂ ಏಳಲು ಹೆಣಗಿತು.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದಳು ಹೂವಮ್ಮ. "ಹ್ಯಾಟೆ ಮರಿ ಮೇಲೆ ಕೂರೋದು. ಮರಿ ಹ್ಯಾಟೆ ಮೇಲಲ್ಲ!"

"ಏನಂದ್ಯೇ?"

"ಆ ಮಣೆ ತನ್ನಿ ಇಲ್ಲಿ. ಮಗು ಮೀಸೋ ಮಣೆ. ಹಗ್ಗವೂ ತನ್ನಿ, ಬೇಗ!"

ನೆತ್ತಿ ಹರಿದ ಮರಿಯನ್ನು ಸೆರಗಿನಲ್ಲಿ ಸುತ್ತಿ ಮಡಿಲಿಗೆ ಸಿಕ್ಕಿಸಿಕೊಂಡು ಅವಳು ಪ್ಯಾಡನ್ನು ಮಣೆಯ ಹೊಟ್ಟೆಗೆ ಒತ್ತಿಹಿಡಿದಳು, ಪುಟ್ಟಪ್ಪ ಹಗ್ಗ ಬಿಗಿದ. ಸುಡದ ಹಾಗೆ ಮಣೆ ಸಮೇತ ಪ್ಯಾಡಿಗೆ ಪಂಚೆ ಸುತ್ತಿ, ಅಂಚನ್ನು ಜೋಲು ಬಿಟ್ಟು, ಅಡುಗೆಮನೆಯ ಮೂಲೆಯಲ್ಲಿ ಗೋಣಿಯ ಮೇಲೆ ಮಣೆ ಇಟ್ಟಳು. ಮರಿಯ ಬೆನ್ನು ತಾಗುವಷ್ಟೇ ಎತ್ತರ. ಆದರೆ ಮರಿಗಳು ಒಳಗೆ ಹೋಗಲಿಲ್ಲ. ತಳ್ಳಿದರೆ ಹೊರಗೆ ಬಂದು ಒಲೆಯ ಕಲ್ಲಿಗೆ ಒರಗಿ ತೂಕಡಿಸಿದವು. ಎರಡಕ್ಕೆ ರೆಕ್ಕೆ ಜೋತುಬಿದ್ದಿತ್ತು.

ಹೂವಮ್ಮ ನೆಲಕ್ಕೆ ಕೆನ್ನೆ ತಾಗುವಂತೆ ಬಗ್ಗಿದಳು. ಸೊಂಟ ಚಳಕ್ ಎಂದಿತು. ಮಣೆಯ ಅಡಿ ಕೈ ತೂರಿಸಿ ಬೆರಳಿನಿಂದ ಗೋಣಿ ಕುಕ್ಕುತ್ತ ಹ್ಯಾಟೆಯ ದನಿ ತೆಗೆದಳು: "ಕೊರ್ರ್... ಕೊರ್ರ್..."

ಪುಟ್ಟಪ್ಪ ಈ ಸಲ ನಗಲಿಲ್ಲ.

ಒಂದು ಮರಿ ಕತ್ತು ಹೊರಳಿಸಿತು. ಎರಡು ಹೆಜ್ಜೆ ಇಟ್ಟು ನಿಂತಿತು. ಆಮೇಲೆ ಪಂಚೆಯ ಅಂಚು ತಳ್ಳಿಕೊಂಡು ನುಗ್ಗಿತು. ಅದರ ಹಿಂದೆ ಇನ್ನೊಂದು, ಕೊನೆಗೆ ಎಲ್ಲವೂ. ಚಿಂವ್ ಚಿಂವ್ ಒಮ್ಮೆ ಜೋರಾಯಿತು, ಇಳಿಯಿತು, ನಿಂತೇಹೋಯಿತು.

ಎಳೇ ಮಗು ಅಳುತ್ತ ಅಳುತ್ತ ಥಟ್ಟನೆ ಸುಮ್ಮನಾದರೆ ಹೂವಮ್ಮ ಓಡಿಹೋಗಿ ಮೂಗಿನ ಹತ್ತಿರ ಬೆರಳು ಹಿಡಿಯುತ್ತಾಳೆ. ಪ್ಯಾಡಿನ ಕೆಂಪು ದೀಪ ಬೇರೆ ಆರಿತ್ತು.

"ಸತ್ತೋದ್ವಾ?" ಎಂದ ಪುಟ್ಟಪ್ಪ.

ಅವಳು ಗುಂಡಿ ಒತ್ತಿ ಒಳಗೆ ಕೈ ಇಟ್ಟಳು. ಬೆಚ್ಚಗಿನ ಪುಟ್ಟ ಬೆನ್ನುಗಳು. ಒಂದಕ್ಕೆ ಅವಳ ಬೆರಳು ತೊಂದರೆ ಎನಿಸಿರಬೇಕು, ಕುಕ್ಕಿತು.

"ಮಲಗ್ಯಾವೆ," ಎಂದಳು.

ದೀಪ ಆರಿದಾಗಲೆಲ್ಲ ಒತ್ತಬೇಕಲ್ಲ, ಅವಳು ಅಲ್ಲೇ ಗೋಡೆಗೊರಗಿದಳು. ಮಡಿಲಿನ ಮರಿ ಕಣ್ಣು ತೆರೆದಿತ್ತು, ಇನ್ನೂ ಎದ್ದಿರಲಿಲ್ಲ. ಪುಟ್ಟಪ್ಪ ಒಲೆಯ ಮುಂದೆ ಏನೋ ಹುರಿದ. ಬಟ್ಟೆಯಲ್ಲಿ ಕಟ್ಟಿದ ಬಿಸಿ ಉಪ್ಪಿನ ಗಂಟು ಹಿಡಿದು ಬಂದು ಅವಳ ಪಕ್ಕ ಕುಕ್ಕರಿಸಿದ.

"ತಿರುಗು ಆ ಕಡೆ. ಬಾಣಂತಿ ಯಾರು ಅಂತ ಈಗ ಗೊತ್ತಾಯ್ತು."

"ಮೆಲ್ಲಗೆ ಮಾತಾಡಿ," ಎಂದಳು ಹೂವಮ್ಮ ಸೊಂಟ ತಿರುಗಿಸುತ್ತ. "ಮರಿ ಏಳ್ತಾವೆ."