ಕಸದ ಬಾವಿಗೆ ಗಂಗೆಪೂಜೆ

ಕಳೆದ ವಾರ ಮಗಳ ಗಂಗೆಪೂಜೆಗೆಂದು ಅರಿಶಿನ, ಕುಂಕುಮ, ಗುಗ್ಗರಿ ಹಿಡಿದು ಓಣಿಯ ಬಾವಿಗೆ ಹೋದೆವು. ಎದುರುಮನೆ ನಾಗಮ್ಮ ನಮಗಿಂತ ಮುಂಚೆಯೇ ಅಲ್ಲಿದ್ದರು. ಒಂದು ಬುಟ್ಟಿ ಕಸವನ್ನು ಬಾವಿಗೆ ಸುರಿದರು. ಕೈ ಒರೆಸಿಕೊಂಡರು. ಅದೇ ಬಾವಿಗೆ ಕೈಮುಗಿದು, ನನ್ನ ಮುಂದೆ ಬಂದು ಕುಂಕುಮಕ್ಕೆ ಹಣೆ ಒಡ್ಡಿದರು!

"ಏನವ್ವ ಇದು?" ಎಂದೆ.

"ಏಮೀ ಕಾದಕ್ಕಾ, ಏನೂ ಆಗಂಗಿಲ್ಲ. ನಳ ಬಂದೈತಲ್ಲ, ಇನ್ನ ಈ ಬಾವಿ ಯಾರಿಗೆ ಬೇಕು?"

ಬಗ್ಗಿ ನೋಡಿದೆ. ಬೂದಿ, ಉಂಡ ಪತ್ರಾವಳಿ, ಗಾಜಿನ ಚೂರು, ತುಕ್ಕು ಹಿಡಿದ ಡಬ್ಬಿ, ಟಾರ್ಚಿನ ಸತ್ತ ಸೆಲ್ಲು. (ನಮ್ಮೂರು ಆದೋನಿ ಮಾಡರ್ನ್ ಆಗಿದೆ ಎನ್ನಲು ಇನ್ನೇನು ಸಾಕ್ಷಿ ಬೇಕು?) ನೀರು ಮಾತ್ರ ಕಾಣಲಿಲ್ಲ.

ನಮ್ಮಲ್ಲಿ ಬಾಣಂತಿ ಬಾವಿಗೆ ಪೂಜೆ ಮಾಡಿ ಕೊಡ ನೀರು ತಂದ ಮೇಲೆಯೇ ಗಂಡನ ಮನೆಗೆ ಹೊರಡುವುದು. ಬೀಗಿತಿ (ಅಳಿಯನ ತಾಯಿ, ಮದ್ದಿಕೇರದವರು, ಮಾತಿನಲ್ಲಿ ಸೋತವರಲ್ಲ) ಸೊಸೆ, ಮೊಮ್ಮಗನನ್ನು ಕರೆದೊಯ್ಯಲೆಂದೇ ಬಂದಿದ್ದರು.

"ನಳಕ್ಕೇ ಪೂಜಿ ಮಾಡ್ರಿ ಬೀಗರ. ಅದರಾಗ ಬರೋದೂ ಗಂಗವ್ವನೇ ಅಲ್ಲೇನು?"

ಮುನ್ಸಿಪಾಲ್ಟಿ ನಳಕ್ಕೆ ಉಡಿ ತುಂಬಬೇಕೆ? ಬೇಸಿಗೆಯಲ್ಲಿ ಅದು ಬರೀ ಗಾಳಿ ಬಿಡುವಾಗ ಕೊಡ ಹಿಡಿದು ಎಲ್ಲಿಗೆ ಓಡುವುದು? ನನಗೆ ಸಿಟ್ಟು ನೆತ್ತಿಗೇರಿತು.

"ಬಾವಿ ಸ್ವಚ್ಛ ಆಗೋತನಕ ಪೂಜಿ ಇಲ್ಲ, ಗುಗ್ಗರಿ ಇಲ್ಲ, ಮಗಳೂ ಹೊರಡಂಗಿಲ್ಲ" ಎಂದೆ.

"ಹಂಗಾದ್ರ ನಾ ಒಬ್ಬಾಕಿನೇ ಹೋಗ್ತೀನಿ. ಮತ್ತ ಕರಿಯಾಕ ಬರಂಗಿಲ್ಲ, ತಿಳೀತಿಲ್ಲೋ?"

ಮಗಳ ಮುಖ ಸಣ್ಣದಾಯಿತು. ನನಗೂ ಭಯವಾಯಿತು, ಸುಳ್ಳೇಕೆ ಹೇಳಲಿ? ಆದರೆ ಜಗ್ಗಲಿಲ್ಲ.

ಮರುದಿನ ಹೂಳೆತ್ತುವವರನ್ನು ಕರೆಸಿ ಬಾವಿಗೆ ಇಳಿಸಿದೆ. ಸೆರಗು ಬಿಗಿದು, ಅವರು ತುಂಬಿಕೊಟ್ಟ ಬುಟ್ಟಿಯನ್ನು ನಾನೇ ಮೇಲೆಳೆದೆ. ಓಣಿಯೆಲ್ಲ ಬಾಗಿಲಲ್ಲಿ ನಿಂತು ತಮಾಷೆ ನೋಡಿತು. "ಅಕ್ಕಗ ತಲಿ ಕೆಟ್ಟೈತಿ" ಎಂದವರೂ ಉಂಟು. ಮಧ್ಯಾಹ್ನದ ಹೊತ್ತಿಗೆ ನಾಗಮ್ಮನಿಗೇ ತಡೆಯಲಾಗಲಿಲ್ಲ.

"ಮನ್ಯಾಗ ಬಾಣಂತಿ ಇಟ್ಕೊಂಡು ನೀ ಒಬ್ಬಾಕಿನೇ ಹಗ್ಗ ಜಗ್ಗೋದಂದ್ರೇನಕ್ಕ? ಸರೀ ಅತ್ಲಾಗ!"

ಅವರು ಕೈ ಹಾಕಿದ್ದೇ ತಡ, ಒಬ್ಬೊಬ್ಬರಾಗಿ ಬಂದರು. ಬೀಗಿತಿಯ ರೈಲೂ ಹೋಯಿತು, ಬೀಗಿತಿ ಹೋಗಲಿಲ್ಲ! ಕಟ್ಟೆಯ ಮೇಲೆ ಕೂತು "ಬುಟ್ಟಿ ನೆಟ್ಟಗ ಹಿಡೀರಿ" ಎಂದು ಹುಕುಂ ಕೊಡತೊಡಗಿದರು.

ಬೂದಿ, ಎಲೆ, ಕೊಳೆತದ್ದನ್ನೆಲ್ಲ ಹಾಲಹರವಿಯ ಬಂಡಿಯವರು ಗೊಬ್ಬರಕ್ಕೆ ಒಯ್ದರು. ಗಾಜು, ಡಬ್ಬಿ, ಸೆಲ್ಲು ಬೇಡವೆಂದರು. ಎತ್ತಿನ ಕಾಲಿಗೆ ಚುಚ್ಚಿದರೆ? ಅವೆಲ್ಲ ಈಗ ನನ್ನ ಅಂಗಳದ ಮೂಲೆಯಲ್ಲಿ ರಾಶಿ ಬಿದ್ದಿವೆ.

ಬಾವಿಯಲ್ಲಿ ನೀರು ಬಂತು. ಶುಕ್ರವಾರ ಪೂಜೆಯಾಯಿತು. ಮಗಳು ಕೊಡ ಹೊತ್ತು ಹೊಸ್ತಿಲು ದಾಟಿದಾಗ ನನ್ನ ಕಣ್ಣು ತುಂಬಿತು. ನಾಗಮ್ಮ ಎರಡೆರಡು ಸಲ ಗುಗ್ಗರಿ ಇಸಿದುಕೊಂಡರು.

ಹೊರಡುವಾಗ ಬೀಗಿತಿಯ ಕಣ್ಣು ಅಂಗಳದ ರಾಶಿಯ ಮೇಲೆ ಬಿತ್ತು.

"ಇದನ್ನ ಊರ ಹೊರಗಿನ ಹಳ್ಳಕ್ಕ ಹಾಕಿಸಿಬಿಡ್ರಿ ಬೀಗರ. ಕಣ್ಣಿಗೆ ಕಾಣಂಗಿಲ್ಲ, ಪೀಡಾ ಹೋಗ್ತೈತಿ."

ಹಾಕಿಸಲಿಲ್ಲ, ಹಾಕಿಸುವುದೂ ಇಲ್ಲ. ಅವರನ್ನು ಕೇಳಿದ್ದನ್ನೇ ನಿಮ್ಮನ್ನೂ ಕೇಳುತ್ತೇನೆ: ಆ ಹಳ್ಳದ ನೀರು ಕುಡಿಯುವ ಊರಿನ ಬಾಣಂತಿ ಗಂಗೆಪೂಜೆಗೆ ಎಲ್ಲಿಗೆ ಹೋಗಬೇಕು?