ಕಾರ್ಡ್ ಉಜ್ಜದ ಅಂಗಡಿಯವರು

ಎರಡು ವರ್ಷಗಳ ಹಿಂದಿನ ಮಾತು, ಮೇ ತಿಂಗಳ ಕೊನೆಯ ವಾರ. ನಾನು ಯಾದಗಿರಿ ಕಡೆಯವಳು. ಗಂಡ ತೀರಿಕೊಂಡ ಮೇಲೆ ಮಗಳು ಭಾಗ್ಯಳನ್ನು ಅಣ್ಣನ ಮನೆಯಲ್ಲಿ ನನ್ನ ತಾಯಿಯ ಹತ್ತಿರ ಬಿಟ್ಟು ಬೆಂಗಳೂರಿಗೆ ಬಂದಿದ್ದೆ. ಮಾರತ್ತಹಳ್ಳಿಯ ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸ, ಕೆ.ಆರ್. ಪುರದಲ್ಲಿ ಇನ್ನಿಬ್ಬರು ಹೆಂಗಸರ ಜೊತೆ ಒಂದು ರೂಮು. ಮಗಳನ್ನು ನೋಡುತ್ತಿದ್ದುದು ಫೋನಿನಲ್ಲಿ. ಅವಳು ಫೋನನ್ನು ಮುಖಕ್ಕೆ ಎಷ್ಟು ಹತ್ತಿರ ಹಿಡಿಯುತ್ತಿದ್ದಳೆಂದರೆ ನನಗೆ ಬರೀ ಹಣೆ ಕಾಣುತ್ತಿತ್ತು. ಆ ಹಣೆಯನ್ನೇ ನೋಡುತ್ತ ಕೂರುತ್ತಿದ್ದೆ.

ಜೂನ್‌ನಲ್ಲಿ ಅವಳು ಒಂದನೇ ಕ್ಲಾಸು. ಹೇಗಾದರೂ ಕರೆತಂದು ಇಲ್ಲೇ ಸೇರಿಸಬೇಕೆಂದು ಹಟ ಹಿಡಿದಿದ್ದೆ. ಬಾಣಸವಾಡಿಯಲ್ಲಿ ಒಂದು ರೂಮು, ಅಡುಗೆಮನೆ ಇರುವ ಮನೆ ಸಿಕ್ಕಿತು. ಬೀದಿಯ ಕೊನೆಗೇ ಸರ್ಕಾರಿ ಶಾಲೆ. ಅಡ್ವಾನ್ಸ್ ಎಂಬತ್ತು ಸಾವಿರ, ಅದೂ ಕ್ಯಾಶ್. ನನ್ನ ಹತ್ತಿರ ಇದ್ದದ್ದು ಇಪ್ಪತ್ತು.

ಪರ್ಸನಲ್ ಲೋನ್ ಕೇಳಲು ಬ್ಯಾಂಕಿಗೆ ಹೋದೆ. ಹೊಸ ಕೆಲಸಕ್ಕೆ ಸೇರಿ ಎರಡೇ ತಿಂಗಳಾಗಿದೆ, ಆರು ತಿಂಗಳ ಸಂಬಳ ಬಿದ್ದ ಮೇಲೆ ಬನ್ನಿ ಎಂದರು. ಹಳೆಯ ಕೆಲಸದಲ್ಲಿದ್ದಾಗ ಸಿಕ್ಕ ಕ್ರೆಡಿಟ್ ಕಾರ್ಡ್ ಒಂದಿತ್ತು. ಐವತ್ತು ದಿನದವರೆಗೆ ಬಡ್ಡಿಯೇ ಇಲ್ಲ ಎಂದು ಕೊಟ್ಟವನು ಹೇಳಿದ್ದ. "ಶಿವಾಜಿನಗರದಾಗ ಮೊಬೈಲ್ ಅಂಗಡಿಯವ್ರು ಕಾರ್ಡ್ ಉಜ್ಜಿ ಕ್ಯಾಶ್ ಕೊಡ್ತಾರ, ನೂರಕ್ಕ ಮೂರು ರೂಪಾಯಿ ಹಿಡೀತಾರ ಅಷ್ಟ," ಎಂದಳು ರೂಮಿನ ಗೆಳತಿ. ರಜೆ ಹಾಕಿ ಹೊರಟೆ.

ಅಂಗಡಿಯಲ್ಲಿ ಅರವತ್ತರ ಆಸುಪಾಸಿನ ಭಾಯ್ ಒಬ್ಬರು ಕೂತಿದ್ದರು. ಕಾರ್ಡ್ ಕೊಟ್ಟು ಅರವತ್ತು ಸಾವಿರ ಬೇಕೆಂದೆ. ಮಷೀನ್ ಕೈಗೆತ್ತಿಕೊಂಡವರು ನನ್ನ ಮುಖ ನೋಡಿದರು.

"ಯಾಕಮ್ಮ ಇಷ್ಟು ದುಡ್ಡು?"

"ಮನಿ ಅಡ್ವಾನ್ಸಿಗೆ ರೀ. ಮಗಳನ್ನ ಕರ್ಕೊಂಡು ಬರ್ಬೇಕು."

"ಐವತ್ತು ದಿನದಲ್ಲಿ ಪೂರಾ ಕಟ್ತೀಯಾ?"

"ಪೂರಾ ಎಲ್ಲಿಂದ ತರ್ಲಿ ರೀ? ಬಿಲ್ಲಿನಾಗ ಮಿನಿಮಮ್ ಅಂತ ಇರ್ತದಲ್ಲ, ತಿಂಗಳಿಗೆ ಅಷ್ಟ ಕಟ್ಕೋತ ಹೋಗ್ತೀನಿ."

ಅವರು ಮಷೀನ್ ಕೆಳಗಿಟ್ಟರು. "ನೋಡು ಬೇಟಿ, ಪೂರಾ ಕಟ್ಟಿದ್ರೆ ಮಾತ್ರ ಬಡ್ಡಿ ಇಲ್ಲ. ಮಿನಿಮಮ್ ಕಟ್ಟಿದ್ರೆ ತಿಂಗಳಿಗೆ ಎರಡು ಸಾವಿರ ಬರೀ ಬಡ್ಡಿಗೇ ಹೋಗುತ್ತೆ, ಸಾಲ ಹಂಗೇ ಇರುತ್ತೆ. ನಾನೂ ಒಂದು ಕಾರ್ಡಿಂದ ಇನ್ನೊಂದಕ್ಕೆ ಕಟ್ಟಿ ಕಟ್ಟಿ ನಮ್ಮನೆಯವಳ ಬಳೆ ಕಳ್ಕೊಂಡೆ. ಬ್ಯಾಂಕಲ್ಲಿ ಲೋನ್ ತಗೋ. ಅದಕ್ಕೂ ಬಡ್ಡಿ ಇದೆ, ಇಲ್ಲ ಅನ್ನಲ್ಲ. ಆದ್ರೆ ತಿಂಗಳಿಗೆ ಇಷ್ಟು, ಇಂಥ ದಿನ ಮುಗಿಯುತ್ತೆ ಅಂತ ಮೊದಲೇ ಗೊತ್ತಿರುತ್ತೆ."

ನನಗೋ ಮೂಗಿನ ತುದಿಯಲ್ಲೇ ಕೋಪ. "ಲೋನ್ ಸಿಗೋತನ ನನ್ನ ಮಗಳು ಅಲ್ಲೇ ಇರ್ಬೇಕೇನ್ರಿ? ನಿಮ್ಮ ಕಮಿಷನ್ ನೀವು ತಗೊಳ್ರಿ, ಉಜ್ಜಿ ಕೊಡ್ರಿ," ಎಂದು ಜೋರಾಗಿಯೇ ಅಂದುಬಿಟ್ಟೆ. ಅವರಿಗೆ ಸಿಟ್ಟು ಬರಲಿಲ್ಲ.

"ಪಕ್ಕದ ಅಂಗಡೀಲಿ ಕೇಳು, ಮಾಡ್ಕೊಡ್ತಾರೆ. ನನ್ ಕೈಲಾಗಲ್ಲ," ಎಂದು ಕಾರ್ಡನ್ನು ನನ್ನ ಕಡೆಗೆ ತಳ್ಳಿದರು.

ಪಕ್ಕದ ಅಂಗಡಿಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಊರಿಗೆ ಮಗಳ ಖರ್ಚಿಗೆಂದು ತಿಂಗಳಿಗೆ ನಾನು ಕಳಿಸುತ್ತಿದ್ದದ್ದೂ ಎರಡು ಸಾವಿರವೇ. ಅದೇ ತಲೆಯಲ್ಲಿ ಸುತ್ತುತ್ತಿತ್ತು. ಕೊನೆಗೆ ಒಳಗೆ ಹೋಗದೆ ಬಸ್ ಹತ್ತಿದೆ. ಬಸ್ಸಿನಲ್ಲಿ ಕೂತು ಆ ಭಾಯ್‌ಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ.

ಬಾಣಸವಾಡಿಯ ಮನೆ ಬೇರೆಯವರ ಪಾಲಾಯಿತು. ಭಾಗ್ಯ ಊರಿನಲ್ಲೇ ಶಾಲೆಗೆ ಸೇರಿದಳು. ಮೊದಲ ದಿನ ಯೂನಿಫಾರ್ಮ್ ಹಾಕಿಕೊಂಡ ಅವಳ ಫೋಟೋವನ್ನು ಅಣ್ಣ ಕಳಿಸಿದ. ಬಿಲ್ಲಿಂಗ್ ಕೌಂಟರ್‌ನಲ್ಲಿ ಗಿರಾಕಿಗಳು ಕಾಯುತ್ತಿದ್ದರೂ ಅದನ್ನೇ ನೋಡುತ್ತ ನಿಂತು ಮ್ಯಾನೇಜರ್ ಕೈಲಿ ಬೈಸಿಕೊಂಡೆ. ಅವಳ ಹಲ್ಲು ಬಿದ್ದದ್ದು, ಜ್ವರ ಬಂದದ್ದು, ಕಾಗುಣಿತ ಕಲಿತದ್ದು ಎಲ್ಲವನ್ನೂ ಬೇರೆಯವರ ಬಾಯಲ್ಲಿ ಕೇಳಿದೆ.

ಅಕ್ಟೋಬರ್‌ನಲ್ಲಿ ಲೋನ್ ಸಿಕ್ಕಿತು. ಎರಡು ವರ್ಷ, ತಿಂಗಳಿಗೆ ಮೂರು ಸಾವಿರದ ಹತ್ತಿರ. ಕೆ.ಆರ್. ಪುರದಲ್ಲೇ ಚಿಕ್ಕ ಮನೆ ಮಾಡಿ ದಸರಾ ರಜೆಯಲ್ಲಿ ಮಗಳನ್ನು ಕರೆತಂದೆ. ಇನ್ನು ಕೆಲವೇ ಕಂತು ಬಾಕಿ ಇದೆ. ಅಂದು ಅವರು ಕಾರ್ಡ್ ಉಜ್ಜಿದ್ದರೆ ಭಾಗ್ಯ ಜೂನ್‌ನಲ್ಲೇ ಬರುತ್ತಿದ್ದಳು, ನಿಜ. ಬರೀ ಬಡ್ಡಿ ಕಟ್ಟುತ್ತ, ಸಾಲ ತೀರದೆ, ಕೊನೆಗೆ ಅವಳನ್ನು ವಾಪಸ್ ಕಳಿಸಬೇಕಾಗುತ್ತಿತ್ತು ಎಂಬುದೂ ಅಷ್ಟೇ ನಿಜ. ಒಂದು ದಿನ ಹೋಗಿ ಅವರಿಗೆ ಕೈ ಮುಗಿಯಬೇಕು. ಆದರೂ ಆ ಐದು ತಿಂಗಳು ನೆನೆದಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಇಲ್ಲಿ ಶಾಲೆಗೆ ಕಳಿಸುವ ಮೊದಲ ಬೆಳಿಗ್ಗೆ ಅವಳ ಜಡೆ ಹೆಣೆಯುತ್ತಿದ್ದೆ. ತಲೆ ಕೊಸರಿಕೊಂಡು, "ಹಿಂಗಲ್ಲವ್ವ. ಆಯಿ ಬ್ಯಾರೆ ಥರ ಹೆಣಿತಾಳ," ಎಂದಳು. ನನ್ನ ತಾಯಿಯನ್ನು ಅವಳು ಆಯಿ ಎನ್ನುತ್ತಾಳೆ.

"ಮತ್ತ ಹೆಂಗ? ನೀನ ಹೇಳು," ಎಂದೆ.

ಜಡೆಯನ್ನು ಮುಂದಕ್ಕೆ ತಂದುಕೊಂಡು, ನನ್ನ ಬೆರಳು ಹಿಡಿದು ನಿಧಾನವಾಗಿ ತೋರಿಸಿಕೊಟ್ಟಳು. ಹೆತ್ತ ಮಗಳ ಜಡೆ ಹೆಣೆಯುವುದನ್ನು ಅವಳಿಂದಲೇ ಕಲಿತೆ. ಅವಳು ನನ್ನ ಮಡಿಲಿಗೆ ಒರಗಿ ಕೂತಿದ್ದಳು, ಆದರೂ ಅವಳಿನ್ನೂ ದೂರದ ಊರಲ್ಲೇ ಇದ್ದಾಳೇನೋ ಎಂಬಂತೆ, ಅವಳು ಬೇಕು, ಅವಳು ಬೇಕು ಅನ್ನಿಸಿ ಅಳು ಒತ್ತರಿಸಿ ಬಂತು.